ರೊಟ್ಟಿಯ ಮೇಲಿನ ಮತಕ್ಷೇತ್ರ

ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಇಡೀ ಲಂಡನ್ನಿನಲ್ಲಿಲ್ಲ! ಕೆನಡಾದ ಪ್ರಾಂತ್ಯವೊಂದರಲ್ಲಿ ಒಂದು ಕಾಲಕ್ಕಿದ್ದು, ಈಗ ಇಲ್ಲವಾದ ವಿಧಾನಸಭಾ ಕ್ಷೇತ್ರದ ಇತಿಹಾಸ ನಿಮಗೆ ಬೇಕೆ? ಬೇಡವೆ? ಬೇಡವೆಂದರೂ ಬಿಡುವವರಾರು!

ಧಾರವಾಡದ ಡಾಕ್ಟರಾದ ಕಾಕಾ ಲಂಡನ್ನಿನ ಅಂಚಿನ ಈ ಪಿನ್ನರ್‌ಗೆ ಬರುವ ಮೊದಲು, ಹೊಸದಾಗಿ ಮದುವೆಯಾದಾಗ, ಕಾಕು ಜೊತೆ ಕೆನಡಾದ ಆ ಕ್ಷೇತ್ರದಲ್ಲಿದ್ದರು. ಪಕ್ಕದ ಮನೆಯಾಕೆ ಚುನಾವಣೆಗೆ ನಿಂತಾಗ ಕಾಕು ಸೀರೆಯ ಕೆಳಗೆ ಗಂಬೂಟು ಹಾಕಿಕೊಂಡು ಹಿಮದಲ್ಲಿ ಮನೆಮನೆ ತಿರುಗಿ ಮತ ಕೇಳಿದರು. ಆದರೂ ಆಕೆ ಸೋತಳು. ಮುಂದೆ ಗಡಿಗಳನ್ನು ಬದಲಿಸಿ ಬದಲಿಸಿ ಸರಕಾರ ಆ ಕ್ಷೇತ್ರವನ್ನೇ ಅಳಿಸಿತು. ಕಾಕಾ ಬಿಡಬೇಕಲ್ಲ!

ಅವರ ಮನೆಯಲ್ಲಿ ಊಟವೆಂದರೆ ಪಾಠ ಗ್ಯಾರಂಟಿ. ಕಡಕ್ ಜೋಳದ ರೊಟ್ಟಿಯೇ ನಕಾಶೆ, ಎಣ್ಣೆಗಾಯಿಯ ರಸವೇ ನದಿ.

"ಇಲ್ನೋಡ್ರಿ, ಮೊದಲನೇ ಸಲ ಗಡಿ ಬದಲಾತು." ಕಟಕ್! "ಈ ತುಣುಕು ಬಾಜೂ ಕ್ಷೇತ್ರಕ್ಕ ಹೋತು." ಕಟಕ್!

ಹಸಿದ ನನ್ನ ಮಗಳು ಒಮ್ಮೆ, "ಅಜ್ಜಾ, ಕ್ಯಾನ್ ವಿ ಈಟ್ ಕೆನಡಾ ನೌ?" ಎಂದು ಕೇಳಿದ್ದಳು. ಬಾಯ್ಲರ್ ರಿಪೇರಿಗೆ ಬಂದವನೂ ಪಾರಾಗಲಿಲ್ಲ. ಬಾಯ್ಲರ್ ತಣ್ಣಗೇ ಉಳಿಯಿತು, ಬೆವರಿದ್ದು ಅವನು!

ಈಚೆಗೆ ಕಾಕುಗೆ ಮರೆವಿನ ಕಾಯಿಲೆ. ನಮ್ಮ ಹೆಸರೂ ನೆನಪಾಗುವುದಿಲ್ಲ. ಅದೇ ಹೊತ್ತಿಗೆ ಕಾಕಾ ಕೂಡ ಕಥೆಯ ಕೊನೆಯಲ್ಲಿ ಎಡವತೊಡಗಿದರು. ಸೋತಾಕೆಯನ್ನು ಪ್ರತಿಸಲ ಗೆಲ್ಲಿಸಿಬಿಡುತ್ತಿದ್ದರು! ಅರವತ್ತಕ್ಕೆ ಅರಳುಮರಳು, ಇವರಿಗೆ ಸ್ವಲ್ಪ ತಡವಾಗಿ ಬಂತು ಎಂದು ನಾವು ನಕ್ಕೆವು.

ಮೊನ್ನೆ ಭಾನುವಾರವೂ ಅದೇ. "ಕಡೀಕ ನಮ್ಮಾಕಿನ ಗೆದ್ಲು ನೋಡ್ರಿ!"

ಕಾಕು ತಟ್ಟೆ ನೋಡುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ಕಾಕಾ, ಆಕಿ ಸೋ..." ಎನ್ನುವಷ್ಟರಲ್ಲಿ ಕಾಕಾ ಮೇಜಿನಡಿ ನನ್ನ ಕಾಲು ತುಳಿದರು.

"ನೀ ಸುಮ್ಕಿರವಾ," ಎಂದರು ಮೆಲ್ಲಗೆ. "ನಿಮ್ಮ ಕಾಕು ಹೇಳ್ಲಿ."

ಬೇಕೆಂದೇ ತಪ್ಪು ಹೇಳುತ್ತಿದ್ದಾರೆಂದು ಆಗ ಹೊಳೆಯಿತು. ಕಾಕಾ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಕಾಕು ನಿಧಾನಕ್ಕೆ ರೊಟ್ಟಿಯ ಒಂದು ಚೂರು ಎತ್ತಿಕೊಂಡರು.

"ಅಲ್ರೀ... ಸೋತ್ಲು. ನೀವು ಅತ್ರಿ. ನಾ ಚಹಾ ಮಾಡಿ ಕೊಟ್ಟೆ."

"ಸೋತ್ಲು! ಹೌದಲೇ, ಸೋತ್ಲು!" ಕಾಕಾ ಚಪ್ಪಾಳೆ ತಟ್ಟಿದರು. ಸೋಲಿಗೆ ಇಷ್ಟು ಸಂಭ್ರಮಪಟ್ಟವರನ್ನು ನಾನು ಕಂಡಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಎತ್ತಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ನಾವೆಲ್ಲ ಕೇಳಿದೆವು.