ನಾನು, ನಮ್ಮಪ್ಪ ಮತ್ತು ಜರ್ಮನಿಯ ಪಿಂಚಣಿ

ಕಾಗದಪತ್ರದ ಕೆಲಸದಲ್ಲಿ ನನಗೆ ಯಾರ ಸಹಾಯವೂ ಬೇಕಾಗುವುದಿಲ್ಲ. ಈ ಮಾತನ್ನು ನಾನು ಉಗಾರ ಖುರ್ದದ ಅರ್ಧ ಊರಿಗೆ ಹೇಳಿದ್ದೆ. ಉಳಿದರ್ಧ ಊರಿಗೆ ನನ್ನ ಹೆಂಡತಿ ಸುಲೋಚನಾ ಹೇಳಿದ್ದಳು. ಆದರೆ ಅವಳು ಹೇಳುವಾಗ ಕೇಳಿದವರೆಲ್ಲ ನಗುತ್ತಿದ್ದರು!

ನಾನು ಭೂಪಾಲ. ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್ ಬಾಯ್ಲರ್ ಆಗಿದ್ದವನು. ಕಬ್ಬಿನ ರಸವನ್ನು ದೊಡ್ಡ ಹಂಡೆಯಲ್ಲಿ ಕುದಿಸುವಾಗ, ಬಿಸಿ ಪಾಕವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ, ಸಕ್ಕರೆ ಹರಳು ಕಟ್ಟಿತೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಈ ಬೆರಳುಗಳ ಗುಣ ಕಂಡು ಯಂತ್ರ ತಯಾರಿಸುವ ಕಂಪನಿಯೊಂದು ನನ್ನನ್ನು ಜರ್ಮನಿಗೆ ಕರೆದೊಯ್ದಿತ್ತು. ಅಲ್ಲಿ ಬೀಟ್ ಎಂಬ ಗಡ್ಡೆಯಿಂದ ಸಕ್ಕರೆ ಮಾಡುತ್ತಾರೆ. ನಾಲ್ಕು ವರ್ಷ ಎರಡು ತಿಂಗಳು ನಾನು ಗಡ್ಡೆಯ ಪಾಕ ತಿಕ್ಕಿದೆ. ಆಮೇಲೆ ಚಳಿ ತಾಳಲಾರದೆ ಊರಿಗೆ ಬಂದು ಮತ್ತೆ ಕಬ್ಬಿನ ಪಾಕ ತಿಕ್ಕುತ್ತ ನಿವೃತ್ತನಾದೆ.

ಹೋದ ವರ್ಷದ ಹಿಂದಿನ ವರ್ಷ ಕಾಗವಾಡದ ಕಲ್ಲಪ್ಪ ಫೋನ್ ಮಾಡಿದ. ಅವನು ಅಲ್ಲಿ ನನ್ನ ಜೊತೆ ಫಿಟ್ಟರ್ ಆಗಿದ್ದವನು.

"ಭೂಪಾಲಣ್ಣಾ, ಜರ್ಮನಿ ಪಿಂಚಣಿಗೆ ಅರ್ಜಿ ಹಾಕೀಯೇನು?"

"ಅದಕ್ಕ ಐದು ವರ್ಷ ದುಡದಿರಬೇಕಲ್ಲೋ. ನಂದು ನಾಕ ವರ್ಷ."

"ಈಗ ಎರಡೂ ದೇಶದ ನಡುವೆ ಒಪ್ಪಂದ ಆಗೇತಿ. ಇಲ್ಲೀ ಪಿ.ಎಫ್. ವರ್ಷಾನೂ ಕೂಡಿಸಿ ಹಿಡೀತಾರ. ನನಗ ಮಂಜೂರ ಆತು!"

ನನಗೆ ಕುಣಿಯುವಂತಾಯಿತು. ಅದಕ್ಕೆ ಕಾರಣವಿತ್ತು. ಸುಲೋಚನಾಳ ಮೊಣಕಾಲು ಎರಡೂ ಸವೆದಿದ್ದವು. ಮಿರಜಿನ ಡಾಕ್ಟರು ಆಪರೇಷನ್ ಮಾಡಲೇಬೇಕು ಎಂದಿದ್ದರು. ಮೆಟ್ಟಿಲಿಗೊಮ್ಮೆ ನಿಂತು ಅವಳು ಗೋಡೆ ಹಿಡಿಯುವುದನ್ನು ನೋಡಿದರೆ ನನ್ನ ಕಾಲೇ ನೋಯುತ್ತಿತ್ತು. ನಮ್ಮ ಉಳಿತಾಯ ಒಂದು ಮೊಣಕಾಲಿಗೂ ಸಾಲುವಂತಿರಲಿಲ್ಲ.

"ಸುಲೂ, ಇನ್ನ ಚಿಂತೀ ಬ್ಯಾಡ. ಪಿಂಚಣಿ ಬರ್ತೈತಿ. ಜೊತೀಗೆ ಅಲ್ಲೀ ಆರೋಗ್ಯ ಕಾರ್ಡೂ ಬರ್ತೈತಿ. ಎರಡೂ ಮೊಣಕಾಲು ಫುಕಟ್!"

"ಕಾರ್ಡ್ ಬರ್ತೈತಿ ಅಂತ ಕಲ್ಲಪ್ಪ ಹೇಳಿದ್ರೇನು?"

"ಅದನ್ನೇನ್ ಹೇಳೂದ? ಪಿಂಚಣಿ ಬಂದ್ರ ಕಾರ್ಡ್ ಬರೂದ ಪಕ್ಕಾ."

ಕಲ್ಲಪ್ಪ ಕಾರ್ಡಿನ ಮಾತೇ ಆಡಿರಲಿಲ್ಲ. ಅದನ್ನು ನಾನು ಸ್ವಂತ ಪ್ರತಿಭೆಯಿಂದ ಸೇರಿಸಿದ್ದೆ!

ಅರ್ಜಿ ಹದಿನಾಲ್ಕು ಪುಟದ್ದು. ಸುಲೋಚನಾ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಳು. ನಾನು ಅವಳನ್ನು ಎಬ್ಬಿಸಿ ಕಳಿಸಿದೆ. ಪಿ.ಎಫ್. ಕಚೇರಿಯಿಂದ ನನ್ನ ಸೇವಾವಧಿಯ ಪ್ರಮಾಣಪತ್ರ ತಂದೆ. ಇಡೀ ಪ್ರಕರಣದಲ್ಲಿ ಸುಸೂತ್ರವಾಗಿ ನಡೆದ ಕೆಲಸ ಅದೊಂದೇ, ಏಕೆಂದರೆ ಅದನ್ನು ಬರೆದವನು ನಾನಲ್ಲ.

ಮೂರು ತಿಂಗಳಿಗೆ ಜರ್ಮನಿಯ ಪಿಂಚಣಿ ಕಚೇರಿಯಿಂದ ಉತ್ತರ ಬಂತು. ಫೋನಿನಲ್ಲಿ ಫೋಟೋ ಹಿಡಿದರೆ ಕನ್ನಡದಲ್ಲಿ ಓದಲು ಬರುತ್ತದೆ. ಒಬ್ಬನೇ ಕೂತು ಓದಿದೆ. ಒಂದನೆಯ ಅಂಶ: ಭೂಪಾಲ ಎಂಬ ಹೆಸರಿನವರು ಯಾರೂ ನಮ್ಮ ದೇಶದಲ್ಲಿ ದುಡಿದಿಲ್ಲ; ನೀವು ಕೊಟ್ಟ ಅವಧಿಯಲ್ಲಿ ದುಡಿದವರು ಆದಪ್ಪ ಎಂಬುವವರು.

ಆದಪ್ಪ ನಮ್ಮಪ್ಪ! ಕೃಷ್ಣಾ ನದಿ ದಾಟುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ ನಮ್ಮಪ್ಪ ಯಾವಾಗ ಜರ್ಮನಿಗೆ ಹೋಗಿದ್ದರು? ಆಮೇಲೆ ನೆನಪಾಯಿತು. ಅಲ್ಲಿ ಇಳಿದ ದಿನ ತುಂಬಿದ ಫಾರ್ಮಿನಲ್ಲಿ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಬರೆದು, ನನ್ನ ಹೆಸರಿಗೆ ಜಾಗ ಸಾಲದೆ ಬಿಟ್ಟಿದ್ದೆ. ನಾಲ್ಕು ವರ್ಷ ಎಲ್ಲರೂ "ಆದಪ್ಪ, ಆದಪ್ಪ" ಎಂದು ಕರೆದರು. ನಾನೂ ಓಗೊಟ್ಟೆ. ಗೌರವದಿಂದ ಕರೆಯುತ್ತಿದ್ದಾರೆ ಎಂದುಕೊಂಡಿದ್ದೆ!

ಎರಡನೆಯ ಅಂಶ ಕೆಳಗಿತ್ತು. ಆರೋಗ್ಯ ಸೌಲಭ್ಯ ಆ ದೇಶದಲ್ಲಿ ವಾಸವಿರುವವರಿಗೆ ಮಾತ್ರ. ಭಾರತದಲ್ಲಿರುವ ನಿಮಗಾಗಲಿ ನಿಮ್ಮ ಪತ್ನಿಗಾಗಲಿ ಅನ್ವಯಿಸುವುದಿಲ್ಲ.

ಅದನ್ನು ಎರಡು ಸಲ ಓದಿದೆ. ಪತ್ರವನ್ನು ಮಡಚಿ ಹಳೆಯ ಪಂಚಾಂಗದೊಳಗೆ ಇಟ್ಟೆ.

"ಏನ್ ಬರ್ದಾರ್ರಿ?" ಎಂದಳು.

"ಹೆಸರಿನ ಸಣ್ಣ ತಕರಾರು. ಬಾಕಿ ಎಲ್ಲಾ ಓಕೆ."

ಕಾರ್ಡ್ ಬರಲಿ ಎನ್ನುತ್ತ ಅವಳು ಮಿರಜಿಗೆ ಹೋಗುವುದನ್ನು ಮುಂದೆ ಹಾಕುತ್ತಲೇ ಇದ್ದಳು. ಹೇಳಿಬಿಡಬೇಕು ಎಂದು ದಿನಾ ಎಣಿಸುತ್ತಿದ್ದೆ. ದಿನಾ ಚಹಾ ಕುಡಿದು ಸುಮ್ಮನಾಗುತ್ತಿದ್ದೆ.

ಹೆಸರಿನ ತಕರಾರು ಬಗೆಹರಿಸಲು ನಾಲ್ಕು ತಿಂಗಳು ಅಥಣಿಗೆ ಅಲೆದು ವಕೀಲರಿಂದ ಅಫಿಡವಿಟ್ ಮಾಡಿಸಿದೆ. 'ಭೂಪಾಲ ಮತ್ತು ಆದಪ್ಪ ಎಂಬ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಆಗಿದ್ದು, ಅದು ನಾನೇ ಆಗಿರುತ್ತೇನೆ' ಎಂದು ಛಾಪಾ ಕಾಗದದ ಮೇಲೆ ಸತ್ಯಪ್ರಮಾಣ. ಹೆಮ್ಮೆಯಿಂದ ಸುಲೋಚನಾಳಿಗೆ ತೋರಿಸಿದೆ.

ಅವಳು ಕನ್ನಡಕ ಹಾಕಿಕೊಂಡು ಓದಿದಳು. "ನೀವು ಮಾವಾರು ಒಬ್ಬರ ಆದ್ರ, ನಾ ನನ್ನ ಅತ್ತಿ ಆದ್ನೆಲ್ರಿ!"

ಹೆಂಗಸರಿಗೆ ಕಾನೂನು ತಿಳಿಯುವುದಿಲ್ಲ ಎಂದು ನಕ್ಕೆ. ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಆದರೆ ದಾಖಲೆ ಎಷ್ಟು ದಪ್ಪವಿದ್ದರೆ ಅಷ್ಟು ಭದ್ರ ಎಂಬುದು ನನ್ನ ನಂಬಿಕೆ. ಆದಪ್ಪ ಎಂಬುವವರು ನನ್ನ ತಂದೆಯಾಗಿದ್ದರೆಂದು ತೋರಿಸಲು ಅವರ ಮರಣ ಪ್ರಮಾಣಪತ್ರವನ್ನೂ ಲಗತ್ತಿಸಿದೆ. ಅವರು ತೀರಿಕೊಂಡು ಎಂಟು ವರ್ಷವಾಗಿತ್ತು.

"ಅದ್ಯಾಕ್ರಿ? ಬ್ಯಾಡ್ರಿ" ಎಂದಳು ಸುಲೋಚನಾ.

"ಇರ್ಲಿ ಬಿಡು. ಹೆಚ್ಚಾದ್ರ ತಿರುಗಿಸಿ ಕಳಿಸ್ತಾರ" ಎಂದೆ.

ಅವರು ತಿರುಗಿಸಿ ಕಳಿಸಲಿಲ್ಲ. ಎರಡು ತಿಂಗಳ ನಂತರ ಪತ್ರ ಬಂದಾಗ ನಾನು ಕಟಿಂಗ್ ಅಂಗಡಿಯಲ್ಲಿದ್ದೆ. ಮನೆಗೆ ಬಂದರೆ ಸುಲೋಚನಾ ಜಗುಲಿಯಲ್ಲಿ ಫೋನ್ ಹಿಡಿದು ಕೂತಿದ್ದಳು. ಪತ್ರ ಅವಳ ಹೆಸರಿಗೇ ಬಂದಿತ್ತು.

"ಬರ್ರಿ. ನಿಂತ ಕೇಳ್ತೀರೋ ಕೂತ ಕೇಳ್ತೀರೋ?" ಎಂದು ಓದತೊಡಗಿದಳು. "ಗೌರವಾನ್ವಿತ ಶ್ರೀಮತಿಯವರೇ, ನಿಮ್ಮ ಪತಿಯವರ ನಿಧನದ ಸುದ್ದಿ ತಿಳಿದು ವಿಷಾದವಾಯಿತು."

ನಾನು ಕೂತೆ.

ನನ್ನದೇ ತರ್ಕವನ್ನು ಅವರು ಶಿಸ್ತಾಗಿ ಮುಂದುವರಿಸಿದ್ದರು. ಭೂಪಾಲನೇ ಆದಪ್ಪ ಎಂದು ಅಫಿಡವಿಟ್ ಹೇಳುತ್ತದೆ. ಆದಪ್ಪ ಎಂಟು ವರ್ಷದ ಹಿಂದೆ ತೀರಿಕೊಂಡರು ಎಂದು ಸರಕಾರಿ ಪ್ರಮಾಣಪತ್ರ ಹೇಳುತ್ತದೆ. ಆದ್ದರಿಂದ ಭೂಪಾಲ ಇಲ್ಲ! ವಿಧವಾ ಪಿಂಚಣಿಯ ಅರ್ಜಿ ಲಗತ್ತಿಸಿದೆ. ಜೊತೆಗೆ ಒಂದು ವಿನಮ್ರ ಪ್ರಶ್ನೆ: 'ನಿಧನರಾದ ಎಂಟು ವರ್ಷಗಳ ನಂತರ ಮೂಲ ಅರ್ಜಿಗೆ ಸಹಿ ಮಾಡಿದವರು ಯಾರು ಎಂಬುದನ್ನು ದಯವಿಟ್ಟು ತಿಳಿಸುವುದು.'

"ವಿಧವಾ ಪಿಂಚಣಿ ಲಗೂನ ಬರ್ತೈತಂತ ಕಾಣಸ್ತೈತಿ" ಎಂದಳು ಸುಲೋಚನಾ. "ಹಾಕ್ಲೇನ್ರಿ?"

ಜಗಳ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸತ್ತವನು ಏನು ಜಗಳ ಮಾಡುತ್ತಾನೆ?

ಮರುದಿನ ಬೆಳಿಗ್ಗೆಯೇ ಬದುಕಿರುವುದನ್ನು ಸಾಬೀತು ಮಾಡಲು ಚಿಕ್ಕೋಡಿಯ ಬಸ್ಸು ಹತ್ತಿದೆ. ಅಲ್ಲೊಂದು ಕೇಂದ್ರದಲ್ಲಿ ಪಿಂಚಣಿದಾರರು ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಜೀವಂತ ಪ್ರಮಾಣಪತ್ರ ಬರುತ್ತದೆ ಎಂದು ಕೇಳಿದ್ದೆ. ಒತ್ತಿದೆ. ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಒತ್ತಿದೆ. ಕೆಂಪು. ಎಡಗೈಯಿಂದ ಒತ್ತಿದೆ. ಅದೂ ಕೆಂಪು!

ಅಲ್ಲಿದ್ದ ಹೆಣ್ಣುಮಗಳು ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. "ಕಾಕಾ, ನಿಮ್ಮ ಬೆರಳಾಗ ಗೆರೀನ ಇಲ್ಲಲ್ರಿ. ಏನ್ ಕೆಲಸಾ ಮಾಡ್ತಿದ್ರಿ?"

ಜೀವಮಾನವೆಲ್ಲ ಬಿಸಿ ಪಾಕ ತಿಕ್ಕಿದ ಬೆರಳು. ಗೆರೆಗಳೆಲ್ಲ ಸಕ್ಕರೆಯ ಜೊತೆ ಹೋಗಿದ್ದವು. "ಮತ್ತ ಇದು ನಮ್ಮ ದೇಶದ ಪಿಂಚಣಿಗೆ ಅಷ್ಟೇರಿ. ಹೊರದೇಶದ್ದಕ್ಕ ನಡಿಯೂದಿಲ್ಲ" ಎಂದೂ ಸೇರಿಸಿದಳು. ಅಂದರೆ ನಡೆಯದ ಯಂತ್ರದಲ್ಲೂ ನಾನು ಫೇಲಾಗಿದ್ದೆ.

ಸಂಜೆ ಮನೆಗೆ ಬಂದು ಕುಸಿದು ಕೂತೆ. ಸುಲೋಚನಾ ನೀರು ತಂದುಕೊಟ್ಟಳು. ಅಡುಗೆಮನೆಯಿಂದ ಜಗುಲಿಗೆ ಬರಲು ಅವಳಿಗೆ ಎಷ್ಟು ಹೊತ್ತು ಬೇಕಾಯಿತು ಎಂದರೆ, ಅಷ್ಟರಲ್ಲಿ ನನಗೆ ಧೈರ್ಯ ಬಂದಿತ್ತು.

"ಸುಲೂ, ಕಾರ್ಡ್ ಬರೂದಿಲ್ಲ. ಮೊದಲನೇ ಪತ್ರದಾಗನ ಬರ್ದಿದ್ರು. ನಾನ ಮುಚ್ಚಿಟ್ಟೆ."

"ಪಂಚಾಂಗದಾಗ" ಎಂದಳು ಅವಳು. "ಆವಾಗನ ಓದೀನಿ."

"ಮತ್ತ ಯಾಕ ಕೇಳ್ಲಿಲ್ಲ?"

"ನೀವ ಯಾವಾಗ ಹೇಳ್ತೀರಿ ಅಂತ ನೋಡಾಕತ್ತಿದ್ದೆ. ಆರೇಳು ತಿಂಗಳು ತಗೊಂಡ್ರಿ." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ನನ್ನ ಪಕ್ಕ ಕೂತಳು. "ನೀವು ನನ್ನ ಸಲುವಾಗಿ ಓಡ್ಯಾಡಾಕತ್ತೀರಿ, ಗೊತ್ತೈತಿ. ಆದ್ರ ಇನ್ನ ಓಡ್ಯಾಡೂದು ಬ್ಯಾಡ. ಪೆನ್ ಕೊಡ್ರಿ ಇಲ್ಲಿ."

ಪೆನ್ ಕೊಟ್ಟೆ. ನಾನು ಹದಿನಾಲ್ಕು ಪುಟ, ಒಂದು ಅಫಿಡವಿಟ್, ಒಂದು ಮರಣ ಪ್ರಮಾಣಪತ್ರದಲ್ಲಿ ಹೇಳಲಾಗದ್ದನ್ನು ಅವಳು ಆರು ಸಾಲಿನಲ್ಲಿ ಬರೆದಳು. 'ನನ್ನ ಗಂಡ ಬದುಕಿದ್ದಾರೆ. ಆದಪ್ಪ ನನ್ನ ಮಾವ. ಅವರು ನಿಮ್ಮ ದೇಶಕ್ಕೆ ಬಂದವರಲ್ಲ. ನನ್ನ ಗಂಡ ಅಲ್ಲಿ ತಪ್ಪಾಗಿ ತಮ್ಮ ತಂದೆಯ ಹೆಸರು ಬರೆದರು. ಅವರ ಹಳೆಯ ಪಾಸ್‌ಪೋರ್ಟ್, ಫೋಟೋ ಇರುವ ಕಂಪನಿಯ ಗುರುತಿನ ಚೀಟಿ ಮತ್ತು ಈಗಿನ ಫೋಟೋ ಲಗತ್ತಿಸಿದ್ದೇನೆ. ಕಿವಿ ಹೋಲಿಸಿ ನೋಡಬೇಕಾಗಿ ವಿನಂತಿ.'

"ಕಿವಿ ಯಾಕ?"

"ಮಾರಿ ಬದಲಾಗೇತಿ. ಕಿವಿ ಹಂಗ ಅದಾವ."

ಜರ್ಮನಿಯವರೇ ಮೊದಲ ಪತ್ರದ ಜೊತೆ ಕಳಿಸಿದ್ದ ಕಾಗದಗಳ ಕೊನೆಗೆ ಜೀವಂತ ಪ್ರಮಾಣಪತ್ರದ ಫಾರ್ಮೂ ಇತ್ತು. ನಾನು ಅಷ್ಟು ದೂರ ಓದಿರಲಿಲ್ಲ. ಅದಕ್ಕೆ ಡಾಕ್ಟರ ಸಹಿ ಸಾಕಿತ್ತು. ನಮ್ಮ ಮನೆಯ ಎದುರಿನ ಓಣಿಯಲ್ಲೇ ಸರಕಾರಿ ದವಾಖಾನೆ! ಡಾಕ್ಟರು ನಾಡಿ ಹಿಡಿದು, "ಜೀವಂತ ಅದಾರ. ಸ್ವಲ್ಪ ಬಿ.ಪಿ. ಜಾಸ್ತಿ ಐತಿ" ಎಂದು ಸಹಿ ಹಾಕಿದರು. ಇಂಗ್ಲಿಷಿಗೆ ತಿರುಗಿಸುವ ಕೆಲಸವನ್ನು ಫೋನ್ ಮಾಡಿತು. ಅಂಟು ಹಚ್ಚುವ ಕೆಲಸವನ್ನು ನನಗೆ ವಹಿಸಲಾಯಿತು.

ಮಂಜೂರಾತಿ ಬಂದಾಗ ಮಳೆಗಾಲ ಮುಗಿಯುತ್ತ ಬಂದಿತ್ತು. ಹೆಸರು ತಿದ್ದಿದ್ದರು. ನಾನು ಅಧಿಕೃತವಾಗಿ ಬದುಕಿದೆ! ಪಿಂಚಣಿ ದೊಡ್ಡದೇನಲ್ಲ, ಆದರೆ ಇರುವವರೆಗೂ ಬರುವಂಥದು. ಅರ್ಜಿ ಹಾಕಿದ ದಿನದಿಂದ ಸೇರಿದ್ದೆಲ್ಲ ಒಟ್ಟಿಗೆ ಬಂತು. ಅದಕ್ಕೆ ನಮ್ಮ ಉಳಿತಾಯ ಸೇರಿಸಿ ಮಿರಜಿನಲ್ಲಿ ಒಂದು ಮೊಣಕಾಲು ಮುಗಿಸಿದೆವು. ಆರು ವಾರಕ್ಕೆ ಸುಲೋಚನಾ ಗೋಡೆ ಹಿಡಿಯದೆ ಮೆಟ್ಟಿಲು ಇಳಿದಳು. ನಾನು ಕೆಳಗೆ ನಿಂತು ಕಣ್ಣೊರೆಸಿಕೊಂಡೆ. "ಧೂಳು" ಎಂದೆ. ಇನ್ನೊಂದು ಮೊಣಕಾಲಿಗೆ ಬರುವ ವರ್ಷ ತಾರೀಕು ಕೊಟ್ಟಿದ್ದಾರೆ.

ಸುದ್ದಿ ಹಬ್ಬಿತು. ಹೊರದೇಶದಲ್ಲಿ ದುಡಿದು ಬಂದವರು ನಮ್ಮ ಸುತ್ತಲಿನ ಊರುಗಳಲ್ಲಿ ಇಷ್ಟು ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಮೊನ್ನೆ ರಾಯಬಾಗದಿಂದ ಒಬ್ಬ ನಿವೃತ್ತ ನರ್ಸಬಾಯಿ ಬಂದರು. ಅವರೂ ಜರ್ಮನಿಯಲ್ಲಿ ಮೂರು ವರ್ಷ ಇದ್ದವರು. ಕೈಯಲ್ಲಿ ದಪ್ಪ ಫೈಲು.

"ಸುಲೋಚನಾಬಾಯಿ ಅದಾರೇನ್ರಿ? ಪಿಂಚಣಿ ಕಾಗದ ತೋರ್ಸೂದಿತ್ತು."

"ಈಗ ಬರ್ತಾಳ. ಅಲ್ಲೀತನಕ ನಾ ನೋಡ್ತೀನಿ ಕೊಡ್ರಿ" ಎಂದು ಕೈ ಚಾಚಿದೆ.

ಅವರು ಫೈಲನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ್ರಿ ಅಣ್ಣಾರ. ನಾ ಇನ್ನೂ ಸ್ವಲ್ಪ ದಿನಾ ಬದುಕಬೇಕಂತ ಮಾಡೀನಿ!"

ನಾನು ಚಹಾ ಇಡಲು ಒಳಗೆ ಹೋದೆ. ಸದ್ಯ ಸುಲೋಚನಾಳ ಈ ಕಚೇರಿಯಲ್ಲಿ ನನ್ನ ಹುದ್ದೆ ಅದು. ತಾತ್ಕಾಲಿಕ ಎಂದು ಹೇಳಿದ್ದಾಳೆ. ಕೆಲಸ ನೋಡಿ ಕಾಯಂ ಮಾಡುತ್ತಾಳಂತೆ!