ಹತ್ತು ಕಂಪ್ಯೂಟರಿಗೆ ಅಕ್ಕಡಿ ಸಾಲು

ನೆಲದಾಗಿನ ಕಾಳಿನ ಹಗೇವಿನ್ಯಾಗ ಇಳದು, ಇಪ್ಪತ್ತು ಚೀಲ ಜೋಳಾ ಒಬ್ಬನ, ಮಧ್ಯಾಹ್ನದ ರೊಟ್ಟಿ ಹೊತ್ತಿಗೆ ಮ್ಯಾಲೆ ತಗದಾಂವ ನಾನು. ನೋಡಿದವರು ಮೂರು ಮಂದಿ ಇದ್ರು, ಮೂವರೂ ತೀರಿಕೊಂಡಾರ. ದೊಡ್ಡ ಕೆಲಸ ಎಲ್ಲಿ ಸಿಕ್ಕೊಂಡು ನಿಂತರೂ ನನ್ನ ಬಾಗಿಲಿಗೇ ಬರ್ತಾವ. ಈ ಸಲ ಬಂದದ್ದು ತಿರ್ಲಾಪುರ ಸಾಲಿ ಕಂಪ್ಯೂಟರ್.

ಕಂಪ್ಯೂಟರ್ ಹತ್ತು. ಸೋಮವಾರ ಅವುಗಳ ಮ್ಯಾಲೇ ಹುಡುಗರ ಪರೀಕ್ಷೆ. ರಿಪೇರಿ ಕೆಲಸ ಮಾಡೂ ನನ್ನ ತಮ್ಮನ ಮಗಳು ನಮ್ಮ ಪಡಸಾಲ್ಯಾಗ ಕುಂತು 'ಇಮೇಜ್' ಕಟ್ಟಾಕ ಹತ್ತಿದ್ಲು. ಅಂದ್ರ ಒಂದ ಅಚ್ಚು ಮಾಡಿ ಹತ್ತು ಇಟ್ಟಂಗಿ ಹೊಡದಂಗ. ಒಳಗ ಏನು ಎಲ್ಲಿ ಇಡಬೇಕು ಅನ್ನೂ ಪದ್ಧತಿಗೆ ಫೈಲ್ ಸಿಸ್ಟಂ ಅಂತಾರಂತ. ಅದನ್ನ ಆರಿಸೂದ್ರಾಗ ಪಂಚಾಯ್ತಿ.

೧. ಕಪಾಟು

ಕಟ್ಟಿದ ಇಮೇಜು ಪೆನ್‌ಡ್ರೈವಿನೊಳಗ ಹೋಗವಲ್ದು.

"ಜಾಗಾ ರಗಡ ಐತಿ ದೊಡ್ಡಪ್ಪಾ. ಆದ್ರ ಇದರ ಫೈಲ್ ಸಿಸ್ಟಂ ಫ್ಯಾಟ್. ನಾಕು ಜಿಬಿಗಿಂತ ದೊಡ್ಡ ಫೈಲು ಒಂದೂ ತಗೋಳೂದಿಲ್ಲ."

"ಮನಿ ದೊಡ್ಡದು, ಬಾಗಿಲಾ ಸಣ್ಣದು. ಬಾಗಿಲಾ ಬದಲಿ ಮಾಡವ್ವ," ಅಂದೆ.

ಬ್ಯಾರೆ ಫೈಲ್ ಸಿಸ್ಟಂ ಹಾಕಿದ್ಲು, ಸಲೀಸ ಹೋತು. ನಾ ಮೀಸಿ ತಿರುವೂದ್ರಾಗ ನಮ್ಮಾಕಿ ಅಡಗಿಮನ್ಯಾಗಿಂದ ಒದರಿದ್ಲು: "ಕಪಾಟು ಕೊಂಡ ತರೂ ಮುಂದ ಈ ಬುದ್ಧಿ ಎಲ್ಲಿತ್ತು? ಇನ್ನೂ ಅಂಗಳದಾಗ ನಿಂತೈತಿ!"

೨. ಒಂದ ಬೀಜ

ಕಂಪ್ಯೂಟರಿನ ಒಳಗ ಯಾವ ಫೈಲ್ ಸಿಸ್ಟಂ ಹಾಕೂಣು ಅಂತ ಬಂತು. "ಇಎಕ್ಸ್‌ಟಿ ಫೋರ್ ಗಟ್ಟಿ," ಅಂದ್ಲು. "ಹಂಗಾರ ಹೊಲದ ತುಂಬ ಅದನ್ನ ಬಿತ್ತು," ಅಂದೆ. ಬಿತ್ತಿದ್ಲು. ಕಂಪ್ಯೂಟರ್ ಕಣ್ಣ ತೆರೀಲಿಲ್ಲ. ಹೆಡ್ ಮಾಸ್ತರು ಬಂದು ನೋಡಿ, "ಪರೀಕ್ಷೆ ತಪ್ಪಿದ್ರ ಹುಡುಗರ ಮನಿಯವರಿಗೆ ನಾ ಏನ ಹೇಳಲಿ?" ಅಂತ ತಲಿ ಹಿಡಕೊಂಡು ಕುಂತ್ರು.

ಕಂಪ್ಯೂಟರ್ ಏಳೂ ಮುಂದ ಮೊದಲ ಓದೂದು ಫ್ಯಾಟ್ ಒಂದನ್ನ ಅಂತ ಆಮ್ಯಾಲೆ ಗೊತ್ತಾತು. ನಾ ಅಂದೆ: "ಹತ್ತಿ ಹೊಲದಾಗ ಅಂಚಿಗೆ ಒಂದು ಸಾಲು ತೊಗರಿ, ಅಕ್ಕಡಿ ಸಾಲು ಅಂತ ಹಾಕೂದಿಲ್ಲೇನು? ಅಂಚಿಗೆ ಒಂದೀಟು ಫ್ಯಾಟು, ಉಳದದ್ದೆಲ್ಲಾ ನಿನ್ನ ಗಟ್ಟಿ ಬೀಜ."

ಕಂಪ್ಯೂಟರ್ ಎದ್ದು ಕುಂತಿತು!

"ಪೂರಾ ಒಂದ ಬಿತ್ತು ಅಂದಾವನೂ ನೀನ ಅಲ್ಲ ದೊಡ್ಡಪ್ಪಾ?"

"ಅದು ನಿನ್ನ ಪರೀಕ್ಷೆ ಮಾಡಾಕ ಹೇಳಿದ್ದು."

೩. ಕಂಬ

ಇದನ್ನ ಮೊನ್ನೆ ಸಾಲಿ ಕಟ್ಟಿ ಮ್ಯಾಲೆ ನಾಕು ಮಂದಿಗೆ ಹೇಳಾಕ ಹತ್ತಿದ್ದೆ. ಹೆಡ್ ಮಾಸ್ತರೂ ಕುಂತಿದ್ರು.

"ಸೋಮವಾರ ಪರೀಕ್ಷೆ ನಡಬರಕ ಬಂದಿತ್ತು, ಗಪ್ಪನೆ ಕರೆಂಟ್ ಹೋತು. ಹತ್ತೂ ಕಂಪ್ಯೂಟರ್ ಕರ್ರಗ. ಹೋದ ವರ್ಷ ಹಿಂಗ ಆದಾಗ ಎರಡು ಮತ್ತ ಏಳಲೇ ಇಲ್ಲ. ಮಾಸ್ತರ ಮಾರಿ ಬೂದಿ! ನಾ ಹೊರಗ ಓಡಿ ಲೈಟಿನ ಕಂಬಕ್ಕ ಜಾಡಿಸಿ ಒಂದು ಒದ್ದೆ. ಕರೆಂಟ್ ಬಂತು. ಹತ್ತಕ್ಕ ಹತ್ತೂ ಎದ್ದುವು. ಹುಡುಗರು ಉಳಿಸಿದ್ದ ಉತ್ತರಾ ಇದ್ದಲ್ಲೇ ಇದ್ದುವು. ಆ ಇಎಕ್ಸ್‌ಟಿ ಫೋರು ಏನ ಮಾಡ್ತೀನಿ ಅಂತ ಮೊದಲ ಗುರುತು ಹಾಕ್ಕೊಂಡು ಆಮ್ಯಾಲೆ ಮಾಡೂ ಜಾತಿ. ನಮ್ಮ ಹುಡುಗಿ ನೆಲದ ಮ್ಯಾಲೆ ಕುಂತು ಉಸ್ಸ್ ಅಂದ್ಲು. ಮಾಸ್ತರು ಒಂದು ತಂಬಗಿ ನೀರು ಕುಡದ್ರು."

"ಎಲ್ಲಾ ಖರೇ ಕಾಕಾ," ಅಂದ್ರು ಮಾಸ್ತರು. "ಆದ್ರ ಅವತ್ತ ನೀವು ಗುಡಗೇರಿ ಸಂತ್ಯಾಗ ಇದ್ರಲ್ರಿ. 'ಪರೀಕ್ಷೆ ಆತೇನ್ರಿ' ಅಂತ ಅಲ್ಲಿಂದನ ಫೋನ್ ಹಚ್ಚಿದ್ರಿ."

ಮಂದಿ ಎಲ್ಲಾ ನನ್ನ ಮಾರಿ ನೋಡಿದ್ರು. ನಾ ಭುಜಾ ಹಾರಿಸಿದೆ.

"ಗುಡಗೇರ್‍ಯಾಗ ಕಂಬ ಇಲ್ಲೇನ್ರಿ ಮಾಸ್ತರ?"