ಎಮ್ಮೆಯ ತೊಟ್ಟಿಯಲ್ಲಿ ಅತ್ತೆಯ ದೀಕ್ಷಾಸ್ನಾನ

ಒಂದೊಂದು ಮನೆಯಲ್ಲಿ ಒಂದೊಂದಕ್ಕೆ ಬೀಗವಿರುತ್ತದೆ. ಕೆಲವರು ಬಂಗಾರಕ್ಕೆ ಹಾಕುತ್ತಾರೆ, ಕೆಲವರು ಸಕ್ಕರೆ ಡಬ್ಬಿಗೆ. ನನ್ನ ತವರಿನಲ್ಲಿ ನಮ್ಮಜ್ಜಿ ಉಪ್ಪಿನಕಾಯಿಯ ಭರಣಿ ಇಟ್ಟ ಕಪಾಟಿಗೆ ಹಾಕುತ್ತಿದ್ದಳು, ಆಮೇಲೆ ಕೀಲಿಕೈ ಎಲ್ಲಿಟ್ಟೆನೆಂದು ತಾನೇ ಮರೆತು ಮನೆಯವರನ್ನೆಲ್ಲ ಬೈಯುತ್ತಿದ್ದಳು. ಈ ವರ್ಷ ನಾನು ಬೀಗ ಹಾಕಿದ್ದು ನೀರಿಗೆ. ಅದೂ ಜೇವರ್ಗಿಯ ಏಪ್ರಿಲ್ ಬಿಸಿಲಿನಲ್ಲಿ, ನಾಯಿಗಳು ಕೂಡ ಮೋರಿ ಬಿಟ್ಟು ಏಳದ ದಿನಗಳಲ್ಲಿ. ಮನೆಗೆ ಬಂದವರು ಒಂದು ಗ್ಲಾಸು ನೀರು ಕೇಳಿದರೆ ಸೆರಗಿನ ತುದಿಯಿಂದ ಕೀಲಿಕೈ ಬಿಚ್ಚುವ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇದ್ದಿರಬೇಕು. ಬಂದವರು ನೀರು ಕುಡಿದು, ಕೀಲಿಕೈಯನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ಹೋಗುತ್ತಿದ್ದರು. ಕೇಳಲಿಲ್ಲವಲ್ಲ, ಅದೇ ದೇವರ ಕೃಪೆ ಎಂದುಕೊಳ್ಳುತ್ತಿದ್ದೆ. ಸಣ್ಣಪುಟ್ಟ ಕೃಪೆಗಳನ್ನು ಎಣಿಸುವುದು ನನ್ನ ಹಳೆಯ ಚಟ. ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನ ಹತ್ತಿರ ಟೇಲರು. "ಮನಿ ಸುಟ್ಟು ಬೂದಿ ಆದ್ರೂ ಇಕಿ ಪಾತ್ರಿ ತಿಕ್ಕಾಕ ಬೂದಿ ಸಿಕ್ತು ಅಂತ ಸ್ತೋತ್ರ ಮಾಡ್ತಾಳ" ಎಂದು ಅವರು ಗಿರಾಕಿಗಳ ಮುಂದೆ ನಗುತ್ತಾರಂತೆ.

ಬೀಗ ಹಾಕಿದ್ದು ನಮ್ಮ ಅತ್ತೆಗಾಗಿ. ಅವರ ಹೃದಯ ದಣಿದಿತ್ತು. ಮೈಯೊಳಗೆ ನೀರು ನಿಂತು ಪಾದಗಳು ಹಿಟ್ಟಿನ ಮುದ್ದೆಯಂತಾಗಿದ್ದವು. ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಒಂದು ಪ್ರಾರ್ಥನೆ ಮುಗಿಯುವವರೆಗೂ ತುಂಬುತ್ತಿರಲಿಲ್ಲ. "ದಿನಕ್ಕ ಒಂದೇ ತಂಬಿಗಿ ನೀರು. ಚಾ, ಸಾರು, ಗುಳಿಗಿ ನುಂಗೋ ನೀರು ಎಲ್ಲಾ ಅದರಾಗೇ ಬರಬೇಕು" ಎಂದು ಡಾಕ್ಟರು ನನಗೆ ಕಟ್ಟಪ್ಪಣೆ ಮಾಡಿದ್ದರು. ಹೊರಗೆ ಬಂದ ಮೇಲೆ ಮೆಲ್ಲಗೆ, "ಹೆಂಗ ನೋಡಿದ್ರೂ ಮಳಿಗಾಲ ಕಾಣೋದು ಕಷ್ಟ ಅದ್ರಿ" ಎಂದೂ ಹೇಳಿದ್ದರು. ಇದನ್ನು ನಾನು ಅತ್ತೆಗೆ ಹೇಳಲಿಲ್ಲ. ಅವರಿಗೆ ನಮ್ಮೆಲ್ಲರಿಗಿಂತ ಮೊದಲೇ ಗೊತ್ತಿತ್ತು.

ನೀರಡಿಕೆ ಎಂಥ ಮನುಷ್ಯರನ್ನೂ ಕಳ್ಳರನ್ನಾಗಿ ಮಾಡುತ್ತದೆ. ಒಂದು ದಿನ ಅತ್ತೆ ಬಹಳ ಮರ್ಯಾದೆಯ ದನಿಯಲ್ಲಿ ಕರೆದರು.

"ಸುವಾರ್ತಾ, ಬಾಯಿ ಮುಕ್ಕಳಿಸಾಕ ಒಂದೀಟು ನೀರು ಕೊಡ ಬೇ."

"ಉಗುಳಬೇಕ್ರಿ ಮತ್ತ."

"ಹ್ಞೂಂ, ಉಗುಳ್ತೇನಿ."

ಕೊಟ್ಟೆ. ಬಟ್ಟಲು ಹಿಡಿದು ಕಾದೆ. ಕೆನ್ನೆ ಉಬ್ಬಿತು, ಇಳಿಯಿತು. ಬಟ್ಟಲಿಗೆ ಏನೂ ಬೀಳಲಿಲ್ಲ.

"ಎಲ್ಲಿ ಉಗುಳಿದ್ರಿ ಅತ್ತಿ?"

"ಒಳಗ."

ಅಂದಿನಿಂದ ಕೊಡಪಾನಗಳು ಅಡುಗೆಮನೆಯೊಳಗೆ, ಅಡುಗೆಮನೆಗೆ ಬೀಗ. ಒದ್ದೆ ಬಟ್ಟೆಯಿಂದ ಅವರ ತುಟಿ ಒರೆಸುವಾಗಲೂ ಬಟ್ಟೆಯ ಒಂದು ತುದಿ ನನ್ನ ಕೈಯಲ್ಲೇ ಇರುತ್ತಿತ್ತು. ಇಲ್ಲದಿದ್ದರೆ ಬಟ್ಟೆ ಒಣಗಿ ವಾಪಸು ಬರುತ್ತಿತ್ತು. "ನೀ ಪೊಲೀಸ್ನ್ಯಾಗ ಇರಬೇಕಿತ್ತ ನೋಡು. ಸುಮ್ನ ಸೊಸಿ ಆಗಿ ಬಂದಿ" ಎನ್ನುತ್ತಿದ್ದರು ಅತ್ತೆ. ಬೈಗುಳದಲ್ಲೂ ಇಷ್ಟು ಬಲವಿದೆಯಲ್ಲ ಎಂದು ನಾನು ಅದನ್ನೂ ಕೃಪೆಗೆ ಜಮಾ ಮಾಡಿಕೊಳ್ಳುತ್ತಿದ್ದೆ.

ನಮ್ಮದು ಬ್ಯಾಪ್ಟಿಸ್ಟ್ ಸಭೆ. ತೀರ ಸಣ್ಣದು. ಎಲ್ಲರೂ ಬಂದರೆ ಎರಡು ಜಮಖಾನೆ ತುಂಬುತ್ತವೆ, ಎಲ್ಲರೂ ಬರುವುದಿಲ್ಲ. ನಮ್ಮಲ್ಲಿ ಕೂಸುಗಳ ಹಣೆಗೆ ನೀರು ಚಿಮುಕಿಸುವ ಪದ್ಧತಿಯಿಲ್ಲ. ತಿಳಿವಳಿಕೆ ಬಂದವರು ತಾವಾಗಿ ಕೇಳಿಕೊಂಡು, ಮೈಯೆಲ್ಲ ನೀರಿನೊಳಗೆ ಮುಳುಗಿ ಎದ್ದರೆ ಅದು ದೀಕ್ಷಾಸ್ನಾನ. ಹಾಗೆ ಮುಳುಗಿದವರಿಗಷ್ಟೇ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ. ಅತ್ತೆ ಮದುವೆಯಾಗಿ ಬಂದಂದಿನಿಂದ ಈ ಸಭೆಗೆ ನಡೆದುಕೊಂಡವರು, ಪಾಸ್ಟರರಿಗಿಂತ ಹೆಚ್ಚು ಹಾಡು ಬಲ್ಲವರು. ಆದರೆ ಮುಳುಗಿರಲಿಲ್ಲ. ಅವರ ತವರು ಭೀಮಾ ದಂಡೆಯ ಮಣ್ಣೂರ. ಚಿಕ್ಕವರಿದ್ದಾಗ ಕಣ್ಣ ಮುಂದೆಯೇ ತಮ್ಮನನ್ನು ಹೊಳೆ ಎಳೆದುಕೊಂಡು ಹೋಗಿತ್ತು. ಆಮೇಲೆ ಅವರು ತಲೆಯ ಮೇಲೆ ನೀರು ಸುರಿದುಕೊಳ್ಳುವಾಗಲೂ ಕಣ್ಣು ತೆರೆದೇ ಇರುತ್ತಿದ್ದರು. ಹೀಗಾಗಿ ತಿಂಗಳಿಗೊಮ್ಮೆ ಸಣ್ಣ ಲೋಟಗಳ ತಟ್ಟೆ ಸಾಲಿನಲ್ಲಿ ಬಂದಾಗ ಅತ್ತೆ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡು, ಒಂದು ಹನಿಯೂ ಮುಟ್ಟದೆ, ಪಕ್ಕದ ನನಗೆ ದಾಟಿಸುತ್ತಿದ್ದರು. ನಾನು ಕುಡಿಯುತ್ತಿದ್ದೆ. ಆ ರಸವನ್ನು ಒಣದ್ರಾಕ್ಷಿ ಕುದಿಸಿ ಮಾಡುವವಳೂ ನಾನೇ. ಸಿಹಿ ಸರಿಯಾಗಿದೆಯೇ ಎಂದು ನೋಡಲು ಕೂಡ ಅವರು ಎಂದೂ ಬೆರಳು ಅದ್ದಿದವರಲ್ಲ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ನಾವೆಲ್ಲ ಹಳ್ಳದ ಈಚಲ ಗರಿ ಹಿಡಿದು ಹಾಡುತ್ತ ಓಣಿ ಸುತ್ತಿ ಬಂದೆವು. ಈಚಲ ಮುಳ್ಳು ಚುಚ್ಚುವುದರಿಂದ ನಮ್ಮ "ಹೊಸಾನ್ನ" ಜಯಕಾರದ ನಡುವೆ ಅಲ್ಲಲ್ಲಿ "ಹಾಯ್, ಹಾಯ್" ಎಂಬ ದನಿಯೂ ಸೇರುತ್ತದೆ. ಬೇವು ಹೂಬಿಟ್ಟು ದಾರಿಯೆಲ್ಲ ಘಮ್ಮೆನ್ನುತ್ತಿತ್ತು. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ, ಯಡ್ರಾಮಿಯಿಂದ ಮೋಟಾರ್ ಸೈಕಲ್ಲಿನಲ್ಲಿ ಬರುವ ನಮ್ಮ ಎಳೆಯ ಪಾಸ್ಟರರನ್ನು ನಿಲ್ಲಿಸಿ, "ಪಾಸ್ಟರಪ್ಪಾ, ಈ ಈಸ್ಟರಿಗೆ ನನಗ ಮುಳುಗಸ್ರಿ. ಹಂಗ ಹೋದ್ರ ತಟ್ಟಿ ದಾಟಿಸಿದ್ದೊಂದೇ ಲೆಕ್ಕ ಆಗ್ತದ ನಂದು" ಎಂದುಬಿಟ್ಟರು.

ಡಾಕ್ಟರನ್ನು ಕೇಳಿದೆವು. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಮುಳುಗಿದ್ರ ಏನಾಗ್ತದ ಅಂತ ನಾ ಹೇಳಂಗಿಲ್ಲ. ಮುಳುಗದಿದ್ರ ಏನಾಗ್ತದ ಅಂತ ಗೊತ್ತದ. ನೀರು ಬೆಚ್ಚಗಿರ್ಲಿ. ಕುಡಿಬಾರದು, ಅಷ್ಟೇ." ಇನ್ನು ಮುಳುಗಿಸುವುದೆಲ್ಲಿ? ನಮ್ಮವರು ಮಳೆಗಾಲ ಕಳೆದ ಮೇಲೆ ಭೀಮಾ ಹೊಳೆಗೆ ಹೋಗುತ್ತಾರೆ. ಈಗ ಅಲ್ಲಿ ಉಸುಕೇ ಹೆಚ್ಚು. ಇದ್ದರೂ ಅತ್ತೆ ಹೊಳೆಯ ಹೆಸರೆತ್ತಿದರೆ ಗೋಡೆಗೆ ಮುಖ ತಿರುಗಿಸುತ್ತಿದ್ದರು. ನಾನು ಕೊಡ, ಡ್ರಮ್ಮು ಎಲ್ಲವನ್ನೂ ಅತ್ತೆಯ ಅಳತೆಗೆ ಹಿಡಿದು ನೋಡಿದೆ. ಡ್ರಮ್ಮಿಗೆ ಇಳಿಸಬಹುದು, ಆದರೆ ಆಮೇಲೆ ಅವರನ್ನು ತೆಗೆಯಲು ಡ್ರಮ್ಮು ಕೊಯ್ಯಬೇಕಾದೀತು.

ಆಗ ನೆನಪಾದದ್ದು ಪಕ್ಕದ ಮನೆಯ ಖಾಜಾಬಿಯ ಡೋಣಿ. ಖಾಜಾಬಿ ಹಾಲು ಮಾರುವವಳು. ಡೋಣಿ ಎಂದರೆ ಅವಳ ಎಮ್ಮೆಗಳು ನೀರು ಕುಡಿಯುವ ಉದ್ದನೆಯ ಸಿಮೆಂಟಿನ ತೊಟ್ಟಿ. ಕೇಳಲು ನನಗೆ ನಾಚಿಕೆ. ಕೇಳಿದ ಮೇಲೆ ಅವಳಿಗೆ ಗಾಬರಿ.

"ಅರೆ ಸುವಾರ್ತಕ್ಕಾ, ಪಾಕ್ ಕೆಲ್ಸಕ್ಕ ನನ್ನ ಎಮ್ಮಿ ಡೋಣಿ ಏನ್ರಿ? ನಿಮ್ ದೇವ್ರು ಸಿಟ್ಟಾಗಂಗಿಲ್ಲೇನು?"

"ನಮ್ ದೇವರು ಹುಟ್ಟಿದ ಮ್ಯಾಲ ಮಲಗಿದ್ದೇ ದನಾ ಮೇಯೋ ಗ್ವಾದಲ್ಯಾಗ, ಖಾಜಾಬಿ."

"ಹಂಗಿದ್ರ ತಗೋರಿ. ಆದ್ರ ಒಂದ್ ಮಾತು, ಎಮ್ಮಿಗೆ ನೀವಽ ಹೇಳ್ರಿ."

ಇಷ್ಟರಲ್ಲಿ ಶುಭ ಶುಕ್ರವಾರ ಬಂತು. ಅಂದು ನಮ್ಮಲ್ಲಿ ಶಿಲುಬೆಯ ಮೇಲೆ ಸ್ವಾಮಿ ಆಡಿದ ಏಳು ಮಾತುಗಳ ಮೇಲೆ ಏಳು ಮಂದಿ ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಯಾರಿಗೆ ಯಾವ ಮಾತೆಂದು ಪಾಸ್ಟರರು ಮೊದಲೇ ಹಂಚಿರುತ್ತಾರೆ. ನನಗೆ ಬಂದದ್ದು ಐದನೆಯದು, "ನನಗೆ ನೀರಡಿಕೆಯಾಗಿದೆ" ಎಂಬ ಮಾತು. ಪಾಸ್ಟರರಿಗೆ ನಮ್ಮ ಮನೆಯ ಬೀಗದ ಸುದ್ದಿ ಗೊತ್ತಿರಲಿಲ್ಲ, ಅಥವಾ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನದ ಉರಿಬಿಸಿಲು, ಕರೆಂಟು ಬೇರೆ ಹೋಗಿತ್ತು. ಆ ಗಂಟಲು ಒಣಗಿದ ಉರಿ, ಆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡ ಸಂಕಟ, ಸುತ್ತ ಅಷ್ಟು ಜನ ನಿಂತಿದ್ದೂ ಒಂದು ಗುಟುಕು ನೀರು ಕೊಡದ ಕಲ್ಲುಮನಸ್ಸು ಎಂದು ನಾನು ಹೇಳುತ್ತ ಹೋದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಅತ್ತೆ ಮಾತ್ರ ಅಳಲಿಲ್ಲ. ನನ್ನ ಸೆರಗಿನ ತುದಿಯ ಗಂಟನ್ನೇ ನೋಡುತ್ತ ಕೂತಿದ್ದರು. ಕೀಲಿಕೈ ಅಲ್ಲೇ ಇತ್ತು. ನಾನು ಹೇಳಬೇಕಾದ್ದು ಇನ್ನೂ ಅರ್ಧವಿತ್ತು, ಆದರೆ ಆಮೆನ್ ಎಂದು ಕೂತುಬಿಟ್ಟೆ. ಚುಟುಕಾಗಿ ಬಹಳ ಚೆನ್ನಾಗಿ ಹೇಳಿದಿರಿ ಎಂದು ಆಮೇಲೆ ಎಲ್ಲರೂ ಹೊಗಳಿದರು.

ಶನಿವಾರ ನಾನೂ ಖಾಜಾಬಿಯೂ ಬೂದಿ, ನಿಂಬೆಸಿಪ್ಪೆ ಹಾಕಿ ತೊಟ್ಟಿ ತಿಕ್ಕಿ ನೀರು ತುಂಬಿದೆವು. ಬಿಸಿಲೇ ಅದನ್ನು ಕಾಯಿಸಿತು, ಕಟ್ಟಿಗೆ ಉಳಿಯಿತು. ನಮ್ಮ ಮನೆಯವರು ತಾಯಿಗೆ ಬಿಳಿಯ ನಿಲುವಂಗಿ ಹೊಲಿದರು. ನೀರಿನಲ್ಲಿ ಬಟ್ಟೆ ತೇಲಿ ಮೇಲಕ್ಕೆದ್ದು ಮಾನ ಹೋಗಬಾರದೆಂದು ಅಂಚಿನೊಳಗೆ ಕಬ್ಬಿಣದ ವಾಶರುಗಳನ್ನು ಹಾಕಿ ಹೊಲಿಯುವುದು ನಮ್ಮ ಸಭೆಯ ರೂಢಿ. ಹೊಲಿಯುತ್ತ ಹೊಲಿಯುತ್ತ ಅವರು ಒಮ್ಮೆ ಮಷೀನು ನಿಲ್ಲಿಸಿದರು. "ಇದ ಅಂಗಿ ಎರಡಕ್ಕೂ ಆಗ್ತದ" ಎಂದರು. ಎರಡನೆಯದು ಯಾವುದೆಂದು ನಾನು ಕೇಳಲಿಲ್ಲ.

ಈಸ್ಟರ್ ದಿನ ಸೂರ್ಯ ಹುಟ್ಟುವಾಗ ಸಮಾಧಿಗಳ ನಡುವೆ ನಿಂತು ಹಾಡಿದೆವು. ಅಲ್ಲಿಂದ ನೇರ ಎಮ್ಮೆಯ ಕೊಟ್ಟಿಗೆಗೆ. ಎಮ್ಮೆಗಳಿಗೆ ಯಾರೂ ವಿಷಯ ಹೇಳಿರಲಿಲ್ಲವೆಂದು ಕಾಣುತ್ತದೆ. ಹಗ್ಗ ಸಡಿಲಿಸಿಕೊಂಡ ಒಂದು ಎಮ್ಮೆ ತೊಟ್ಟಿಯ ನೀರನ್ನು ಕಾಲುಭಾಗ ಕುಡಿದು ತೃಪ್ತಿಯಿಂದ ನಿಂತಿತ್ತು. ಮತ್ತೆ ತುಂಬಲು ಅಂದು ನಳ ಬಂದಿರಲಿಲ್ಲ. ಇದ್ದುದರಲ್ಲೇ ಎಂದು ಪಾಸ್ಟರರು ಅಂಗಿಯ ತೋಳು ಮಡಚಿದರು. ಅತ್ತೆಯನ್ನು ಎತ್ತಿ ತೊಟ್ಟಿಯೊಳಗೆ ಕೂರಿಸಿದೆವು. ಅವರ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. "ನಂಬ್ತೀರಾ?" ಎಂದು ಪಾಸ್ಟರರು ಕೇಳಿದರು. ಅತ್ತೆ "ಹೌದ್ರಿ" ಎಂದರು, ಮತ್ತು ಅಷ್ಟು ವರ್ಷಗಳಲ್ಲಿ ಮೊದಲ ಸಲ ನೀರಿನ ಮುಂದೆ ಕಣ್ಣು ಮುಚ್ಚಿದರು. ಪಾಸ್ಟರರು ಅವರ ಮೂಗು ಬಾಯಿಗೆ ಕರವಸ್ತ್ರ ಒತ್ತಿ ಹಿಂದಕ್ಕೆ ಮಲಗಿಸಿ ಮುಳುಗಿಸಿ ಎತ್ತಿದರು. ನಾವೆಲ್ಲ "ಹಲ್ಲೆಲೂಯಾ" ಎಂದೆವು.

ಹಿರಿಯರಾದ ಯೋನಪ್ಪನವರು ಅನ್ನಲಿಲ್ಲ. "ಪಾಸ್ಟರೇ, ಮೊಣಕಾಲು ಹೊರಗ ಉಳೀತ್ರಿ."

ನಿಜವೇ. ಸಂಧಿವಾತದಿಂದ ಮಡಚಿಕೊಂಡೇ ಇರುವ ಅತ್ತೆಯ ಮೊಣಕಾಲುಗಳು ಎರಡು ಗುಡ್ಡಗಳ ಹಾಗೆ ಒಣಗಿಕೊಂಡೇ ನಿಂತಿದ್ದವು. "ಮೊಣಕಾಲಿಗೇನು ಬ್ಯಾರೆ ಆತ್ಮ ಐತೇನ್ರಿ?" ಎಂದರು ಪಾಸ್ಟರರು. "ಪೂರಾ ಮುಳುಗೋದಂದ್ರ ಪೂರಾ ಮುಳುಗೋದು. ನಾಳಿ ಪರಲೋಕಕ್ಕ ಇಕಿ ಮೊಣಕಾಲು ಬಿಟ್ಟು ಹೋಗಾಕಾಗ್ತದೇನು?" ಎಂದರು ಯೋನಪ್ಪ. ಹೆಸರೇ ಯೋನ, ಮೀನಿನ ಹೊಟ್ಟೆಯೊಳಗೆ ಕಡಲ ತಳ ಕಂಡುಬಂದ ಪ್ರವಾದಿಯದು, ಅರ್ಧಂಬರ್ಧ ಮುಳುಗಿದ್ದನ್ನು ಅವರು ಒಪ್ಪುವುದಾದರೂ ಹೇಗೆ? ನನಗೆ ಅಳು ಬಂತು. ಅತ್ತೆಯ ತುಟಿ ಆಗಲೇ ನೀಲಿಯಾಗಿತ್ತು. ಸಾಕು ಬಿಡಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆಯೇ ಏದುಸಿರಿನಲ್ಲಿ ಹೇಳಿದರು.

"ಆಗ್ಲಿ... ಇನ್ನೊಮ್ಮೆ ಮುಳುಗಸ್ರಿ. ಆ ವಸ್ತ್ರ ಒಂದು ಬ್ಯಾಡ್ರಿ, ದಮ್ಮು ಕಟ್ತದ. ಸುವಾರ್ತಾ, ನೀ ಕಾಲು ಒತ್ತ ಬೇ."

ನಾನು ಎರಡೂ ಮೊಣಕಾಲುಗಳನ್ನು ಅಂಗೈಯಿಂದ ಒತ್ತಿ ಹಿಡಿದೆ. ಪಾಸ್ಟರರು ಮಲಗಿಸಿದರು. ನೀರು ಮುಖದ ಮೇಲೆ ಕೂಡಿಕೊಂಡಿತು. ಅತ್ತೆಯ ಎದುರಿಗಿದ್ದವಳು ನಾನೊಬ್ಬಳೇ, ಆದ್ದರಿಂದ ಕಂಡದ್ದೂ ನನಗೊಬ್ಬಳಿಗೇ. ಅವರ ಗಂಟಲು ಏರಿತು, ಇಳಿಯಿತು, ಮತ್ತೆ ಏರಿತು. ಅವರು ಕುಡಿಯುತ್ತಿದ್ದರು. ಗಟಗಟನೆ, ಎಮ್ಮೆ ಕುಡಿದುಳಿದ ಆ ನೀರನ್ನು. ನನ್ನ ಬಾಯಿಯ ತುದಿಗೆ "ಎತ್ರಿ" ಎಂಬ ಮಾತು ಬಂದಿತ್ತು. ನಾನು ಮೊಣಕಾಲನ್ನು ಇನ್ನಷ್ಟು ಒತ್ತಿದೆ.

ಆಮೇಲೆ ಪ್ರಭುಭೋಜನ. ಸಣ್ಣ ಲೋಟವನ್ನು ಅತ್ತೆ ಈ ಸಲ ದಾಟಿಸಲಿಲ್ಲ. ಕುಡಿದು, ಬಾಯಿ ಚಪ್ಪರಿಸಿ, ಎಲ್ಲರಿಗೂ ಕೇಳುವಂತೆ, "ಸಕ್ಕರಿ ಜಾಸ್ತಿ ಆಗೇದ" ಎಂದರು. ಮಧ್ಯಾಹ್ನ ಕೂದಲು ಒರೆಸುತ್ತ ಕೂತಾಗ ಮಾತು ತೆಗೆದರು.

"ನೋಡಿದೇನು?"

"ನೋಡಿದ್ನಿರಿ."

"ಎಮ್ಮಿ ವಾಸನಿ ಇತ್ತು. ಆದ್ರೂ ಏನ್ ರುಚಿ ಅಂತಿ."

"ನೀರು ಕುಡಿಯಾಕ ಮುಳುಗಿದ್ರೇನು ಅತ್ತಿ?" ನನ್ನ ದನಿ ಒರಟಾಗಿಯೇ ಇತ್ತು.

ಅವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಮೊದಲನೇದು ದೇವರಿಗೆ, ಸುವಾರ್ತಾ. ಎರಡನೇದು ನನಗ."

ಆ ವಾರ ಹೇಗೆ ಕಳೆಯಿತೆಂದು ಹೆಚ್ಚು ಬರೆಯಲಾರೆ. ಮಲಗಲಾಗದೆ ಗೋಡೆಗೊರಗಿ ಕೂತೇ ಇದ್ದರು. ಉಸಿರಿನೊಳಗೆ ನೀರಿನ ಸದ್ದು ಕೇಳುತ್ತಿತ್ತು. ಹೊಳೆಗೆ ಅಷ್ಟು ಹೆದರಿದ್ದ ಜೀವ ನಡುಮನೆಯಲ್ಲಿ ಕೂತಲ್ಲೇ ಮುಳುಗುತ್ತಿತ್ತು. ಕೊನೆಯ ರಾತ್ರಿ ನಾನು ಅಡುಗೆಮನೆಯ ಬೀಗ ತೆಗೆದೆ, ತಂಬಿಗೆ ತುಂಬಿ ತಂದು ಮುಂದಿಟ್ಟೆ. ಅವರು ಬೇಡವೆಂದು ತಲೆಯಾಡಿಸಿದರು. ಮುಂಜಾನೆ ಬಿಸಿಲು ಹೊಸ್ತಿಲು ದಾಟುವ ಮೊದಲೇ ಹೋದರು. ಅದೇ ಬಿಳಿಯ ಅಂಗಿ ತೊಡಿಸಿದೆವು. ವಾಶರು ಬಿಚ್ಚಲು ಯಾರಿಗೂ ತೋಚಲಿಲ್ಲ. ಹೊತ್ತವರು ಮುದುಕಿ ಇಷ್ಟು ಭಾರವೇ ಎಂದುಕೊಂಡಿರಬೇಕು.

ಅಂದು ಮಣ್ಣಿಗೆ ಒಯ್ಯುವ ಮೊದಲು ಡಾಕ್ಟರು ಮನೆಗೇ ಬಂದಿದ್ದರು. ನಾಡಿ ನೋಡಿ, ಪಾದ ಒತ್ತಿ ನೋಡಿ, ಮುಖ ಗಂಟಿಕ್ಕಿಕೊಂಡು ಕೇಳಿದರು: "ನೀರು ಜಾಸ್ತಿ ಕುಡಿಸಿದ್ರೇನ್ರಿ?" ಮನೆ ತುಂಬ ಜನ. ಯೋನಪ್ಪ, ಪಾಸ್ಟರರು, ಖಾಜಾಬಿ, ಓಣಿಯ ಹೆಂಗಸರು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳೆಂದು ಸಭೆಯಲ್ಲೆಲ್ಲ ನನಗೆ ಹೆಸರಿದೆ. ಎಷ್ಟೋ ಸಲ ಅದರಿಂದ ನಾಲ್ಕು ಜನರ ಮನಸ್ಸು ನೋಯಿಸಿದ್ದೂ ಇದೆ. "ಇಲ್ರಿ," ಎಂದೆ, "ನೀವು ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚು ನಾ ಕುಡಿಸಿಲ್ರಿ." ಅದು ಸುಳ್ಳಲ್ಲ. ಡಾಕ್ಟರ ಮುಖ ಸಡಿಲವಾಯಿತು. ನೆರೆದವರ ಕಡೆ ತಿರುಗಿ, "ಸೊಸಿ ಅಂದ್ರ ಹಿಂಗಿರಬೇಕು ನೋಡ್ರಿ" ಎಂದರು. ನಾನು ತಲೆ ತಗ್ಗಿಸಿದೆ. ಜನ ಅದನ್ನು ದೀನತೆ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.